ಹಿಮ್ಮೇಳದಲ್ಲಿ ಕೂತುಕೋ, ಮಗಳೇ

ಪೆರ್ಲ, ಕಾಸರಗೋಡು,
ಆಟಿ ತಿಂಗಳು

ಪ್ರೀತಿಯ ಪುಟ್ಟಿಗೆ,

ಕಲಾ ತಂಡದ ಜೊತೆ ಸೇರಿಕೊಂಡೆ, ಇನ್ನು ಪ್ರತಿ ಭಾನುವಾರ ನಮ್ಮ ಎಣ್ಮಕಜೆ ಕಡೆಗೇ ಬರುತ್ತೇನೆ ಅಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ಮನಸ್ಸು ಕುಗ್ಗಿದವರ ಜೊತೆ ಕೂತು ಹಾಡುವುದು, ಚಿತ್ರ ಬಿಡಿಸುವುದು, ಕಥೆ ಕಟ್ಟುವುದು. ಒಳ್ಳೆಯ ಕೆಲಸ. ಫೋನಲ್ಲಿ ಎಲ್ಲ ಹೇಳಲಾಗಲಿಲ್ಲ. ಇವತ್ತು ಬೆಳಗಿನಿಂದ ಬಿಡದ ಮಳೆ, ಕರೆಂಟೂ ಇಲ್ಲ. ಬರೆಯೋಣ ಅಂತ ಕೂತೆ.

ನಿನಗೆ ಹೇಳದ ಒಂದು ವಿಷಯ ಇದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಎಂಟು ತಿಂಗಳು ನಾನು ಅಂಗಳ ದಾಟಲಿಲ್ಲ. ಒಲೆ ಹಚ್ಚುವುದೂ ಬೇಡ ಅನಿಸುತ್ತಿತ್ತು. ನೋಡಲು ಬಂದವರೆಲ್ಲ ಧೈರ್ಯ ಹೇಳಿದರು. ಒಬ್ಬರು ಮಾತ್ರ ಏನೂ ಹೇಳದೆ, ಭಜನಾ ಮಂದಿರದಲ್ಲಿ ತಾಳಮದ್ದಳೆ ಇದೆ, ಚಕ್ರತಾಳಕ್ಕೆ ಜನ ಇಲ್ಲ, ಬಾ ಅಂದರು. ದೊಡ್ಡಪ್ಪ ಹಿಡಿಯುತ್ತಿದ್ದ ತಾಳವನ್ನೇ ಕೈಗೆ ಕೊಟ್ಟರು. ಹಿಂದೆ ಕೂತು ಸುಮ್ನೆ ತಾಳ ಹಾಕಿದೆ. ಆ ರಾತ್ರಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ವಾರವೂ ಹೋದೆ. ಡಾಕ್ಟರು ಕೊಟ್ಟ ಮಾತ್ರೆಯನ್ನೂ ಒಂದು ವರ್ಷ ನುಂಗಿದೆ, ಅದನ್ನೂ ಹೇಳಿಬಿಡುತ್ತೇನೆ. ಹಾಡಿದರೆ ಸಾಕು, ಔಷಧಿ ಬೇಡ ಅಂತ ಯಾರಿಗೂ ಹೇಳಬೇಡ. ನನಗೆ ಎರಡೂ ಬೇಕಾಗಿತ್ತು.

ಯಕ್ಷಗಾನವೇ ಆದರೂ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡಿದ ಪದಕ್ಕೆ ಕೂತಲ್ಲೇ ಪಾತ್ರದ ಮಾತಾಗಿ ಅರ್ಥ ಹೇಳುವುದು. ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸಿದ ಮೇಲೆ ಮಳೆಗಾಲವೆಲ್ಲ ನಮ್ಮ ಕಡೆ ಇದೇ ಅಲ್ವಾ? ಒಮ್ಮೆ ಕುಂಬಳೆಯ ಕವಿ ಪಾರ್ತಿಸುಬ್ಬನ ರಾಮಾಯಣದ ಪದಗಳನ್ನು ಇಟ್ಟುಕೊಂಡು ಹೆಂಗಸರೇ ಕೂಟ ಮಾಡಿದೆವು. ಮಗನನ್ನು ಕಳೆದುಕೊಂಡ ಒಬ್ಬಳು ಕೌಸಲ್ಯೆಯ ಅರ್ಥ ಹೇಳಲು ಕೂತಳು. ಎರಡು ಮಾತು ಆಡಿದಳು, ಮುಂದೆ ಬರಲಿಲ್ಲ. ಭಾಗವತರು ಕಾದರು. ಮದ್ದಳೆಯವರು ಬೆರಳಲ್ಲೇ ಮೆಲ್ಲ ನುಡಿಸುತ್ತ ಇದ್ದರು. ಸುಮಾರು ಹೊತ್ತಾದ ಮೇಲೆ ಅವಳೇ ತಲೆಯೆತ್ತಿ ಮುಂದುವರಿಸಿದಳು. ಅವಳ ಮಗನ ಹೆಸರು ಅಲ್ಲಿ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ರಾಮನ ಹೆಸರಲ್ಲಿ ಅವಳು ಹೇಳಬೇಕಾದ್ದೆಲ್ಲ ಹೇಳಿದ್ದಳು.

ನೀನು ಮಾಡಬೇಕಾದ್ದೂ ಆ ಮದ್ದಳೆಯವರು ಮಾಡಿದ್ದೇ. ತಾಳ ಬಿಡದೆ ಕಾಯುವುದು. ಬಾಯಿ ಬಿಡಿಸಲು ಹೋಗಬೇಡ. ಒಬ್ಬರು ಚಿತ್ರದ ತುಂಬ ಕಪ್ಪು ಬಳಿದರೆ ಯಾಕೆ ಕಪ್ಪು ಅಂತ ಕೇಳಬೇಡ. ಇನ್ನೊಂದು ಹಾಳೆ ಕೊಡು, ಪಕ್ಕದಲ್ಲಿ ಕೂತು ನೀನೂ ಒಂದು ಬಿಡಿಸು.

ಇನ್ನು ಫೋಟೋ ವಿಷಯ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಈ ಗುಡ್ಡಗಳ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಎರಚಿದರು. 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಆ ಮಧ್ಯೆ ಪಡ್ರೆ, ಸ್ವರ್ಗ ಅನ್ನುವ ನಮ್ಮ ಊರುಗಳಲ್ಲಿ ಕಾಯಿಲೆ ಬಿದ್ದ ಮಕ್ಕಳಿದ್ದ ಮನೆಗಳಿಗೆ ಎಷ್ಟು ಕ್ಯಾಮರಾ ಬಂದವು! ಲೋಕಕ್ಕೆ ಗೊತ್ತಾಗಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಫೋಟೋ ತೆಗೆದವರಲ್ಲಿ ಎಷ್ಟೋ ಜನ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ. ಅಮ್ಮಂದಿರು ಇವತ್ತಿಗೂ ಎತ್ತಿ ಕೂರಿಸಿ ಉಣ್ಣಿಸುತ್ತಾರೆ. ನೀವು ಕರೆದ ದಿನ ಅವರಲ್ಲಿ ಒಬ್ಬಳು ಬಂದು ಒಂದು ಗಂಟೆ ಕೂತು ಹಾಡಿದರೆ, ಆ ಗಂಟೆ ಅವಳದ್ದು. ನಿಮ್ಮ ತಂಡದ ವಾಟ್ಸಾಪ್ ಸ್ಟೇಟಸ್ಸಿಗೆ ಅದು ಹೋಗಬಾರದು. ಚಿಕಿತ್ಸೆಯಲ್ಲಿರುವವರ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಮಾಡಬಾರದು. ವಾರ್ಷಿಕೋತ್ಸವಕ್ಕೆ ಅವರನ್ನು ವೇದಿಕೆಗೆ ಹತ್ತಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ನೀನು ಬೇಡ ಅನ್ನು. ಅವರಾಗಿ ಆಸೆಪಟ್ಟರೆ ಆ ಮಾತು ಬೇರೆ.

ಭಾಷೆಯನ್ನೂ ಗಮನಿಸು. ನಾವು ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವವರು. ಇಲ್ಲಿಗೆ ಒಮ್ಮೆ ಬಂದ ಕೌನ್ಸೆಲರ್‌ಗೆ ಮಲಯಾಳ ಮಾತ್ರ ಬರುತ್ತಿತ್ತು. ಪಕ್ಕದ ಮನೆಯ ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿ ಎದ್ದು ಬಂದರು. ಪಾಪ, ಅವರು ಬಾಯಿಬಿಟ್ಟು ಅಳಬೇಕಾದರೆ ತುಳುವೇ ಬೇಕು. ನಿನ್ನ ತುಳು ಅರೆಬರೆ. ಕಲಿತುಕೋ.

ಹೋಗುತ್ತೇನೆ ಅಂದ ವಾರ ಹೋಗಲೇಬೇಕು. ಆಗದಿದ್ದರೆ ಮೊದಲೇ ತಿಳಿಸು. ಬಾಗಿಲು ನೋಡುತ್ತ ಕೂತವರಿಗೆ ಒಂದು ಭಾನುವಾರ ತಪ್ಪಿದರೂ ದೊಡ್ಡದು.

ಯಾರಾದರೂ ಬದುಕೋದು ಬೇಡ ಅನ್ನುವ ಹಾಗೆ ಮಾತಾಡಿದರೆ ಹೆದರಬೇಡ, ಮಾತು ತಿರುಗಿಸಲೂ ಬೇಡ. ಸಾಯಬೇಕು ಅನಿಸುತ್ತಿದೆಯಾ ಅಂತ ನೇರವಾಗಿ ಕೇಳು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಸ್ವಲ್ಪ ಇಳಿಯಬಹುದು. ಯಾರಿಗೂ ಹೇಳುವುದಿಲ್ಲ ಅಂತ ಮಾತ್ರ ಮಾತು ಕೊಡಬೇಡ. ಅವರನ್ನು ಒಬ್ಬರೇ ಬಿಟ್ಟು ಬರಬೇಡ. ತಂಡದ ಹಿರಿಯರಿಗೆ ಅವತ್ತೇ ತಿಳಿಸು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರು ನಿನಗೂ ಇರಲಿ. ಬೇರೆಯವರ ದುಃಖ ಕೇಳಿ ಕೇಳಿ ನಿನಗೆ ನಿದ್ದೆ ಬಾರದಿದ್ದರೆ ಒಂದು ತಿಂಗಳು ಆ ಕೆಲಸ ಬಿಟ್ಟು ನನ್ನ ಹತ್ತಿರ ಬಂದು ಇರು. ನಾನು ಏನೂ ಕೇಳುವುದಿಲ್ಲ.

ಬರುವ ಭಾನುವಾರ ಕೆಲಸ ಮುಗಿಸಿ ಇಲ್ಲಿಗೇ ಊಟಕ್ಕೆ ಬಾ. ಪತ್ರೊಡೆ ಮಾಡುತ್ತೇನೆ. ದೊಡ್ಡಪ್ಪನ ಚಕ್ರತಾಳವನ್ನು ಹುಣಸೆಹುಳಿ ಹಾಕಿ ತಿಕ್ಕಿ ಇಟ್ಟಿದ್ದೇನೆ, ತೆಗೆದುಕೊಂಡು ಹೋಗು. ದಾರ ಸವೆದಿದೆ, ಪೇಟೆಯಲ್ಲಿ ಗಟ್ಟಿ ದಾರ ಸಿಕ್ಕರೆ ಬರುವಾಗ ತಾ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ