ಪುಟ್ಟಿಗೆ, ಗಂಟಲಿನ ವಿಷಯ

ಶಿವಮೊಗ್ಗ
ಸೋಮವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಊರಿನ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನೇ ಮತ್ತೆ ಬರೆಯಲ್ಲ. ನಿನ್ನ ಪತ್ರ ಬಂತು. ನಾಲ್ಕು ಪುಟವೂ ನಿನ್ನ ಶನಿವಾರವೇ. ಬೆಳಿಗ್ಗೆ ಸಂಗೀತದ ಕ್ಲಾಸ್, ಮಧ್ಯಾಹ್ನ ಮನೆಯ ಹುಡುಗಿಯರಿಗೆಲ್ಲ ಬಸ್ಸಾರು, ಸಂಜೆ ಕಣ್ಣು ಕಾಣದ ಹುಡುಗಿಯರ ಹಾಸ್ಟೆಲ್ಲಿಗೆ ಹೋಗಿ ಪಾಠ ಓದಿ ಹೇಳೋದು. ಓದ್ತಾ ಖುಷಿಯಾಯ್ತು. ಆದರೆ ಮೂರನೇ ಪುಟದಲ್ಲಿ, ಸೊಪ್ಪಿನ ರೇಟಿಗೂ ಬಸ್ಸಿನ ನೂಕುನುಗ್ಗಲಿಗೂ ನಡುವೆ ಒಂದು ಸಾಲು ತೂರಿಸಿಬಿಟ್ಟಿದ್ದೀಯ. ಆರಾಧನೆ ಮುಗಿದಾಗಿನಿಂದ ದನಿ ಒಡೆದಿದೆ, ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಗೆ ಹೋದರೆ ಬರೀ ಗಾಳಿ ಬರುತ್ತೆ, ಅದೇನೂ ದೊಡ್ಡದಲ್ಲ ಬಿಡಿ ಅಂತ.

ಅಲ್ಲಿಂದ ಮುಂದೆ ಏನು ಬರೆದಿದ್ದೆ ಅನ್ನೋದು ನನ್ನ ತಲೆಗೆ ಹೋಗಲಿಲ್ಲ.

ಪಂಚಾಂಗ ತೆಗೆದು ನೋಡಿದೆ. ಪುರಂದರದಾಸರ ಆರಾಧನೆ ಪುಷ್ಯ ಅಮಾವಾಸ್ಯೆಗೆ. ನೀನು ಪತ್ರ ಬರೆದದ್ದು ಹುಣ್ಣಿಮೆ ಕಳೆದ ಮೇಲೆ. ಪತ್ರ ನನ್ನ ಕೈಗೆ ಬರೋ ಹೊತ್ತಿಗೆ ಮೂರು ವಾರ ದಾಟಿದೆ, ಅಲ್ವಾ? ನೆಗಡಿಗೆ ಕಟ್ಟಿದ ಗಂಟಲಾದರೆ ಇಷ್ಟು ಹೊತ್ತಿಗೆ ಬಿಡಬೇಕಿತ್ತು. ಮೂರು ವಾರವಾದರೂ ದನಿ ತಿರುಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಇದು ಅಜ್ಜಿ ಕಾಲದ ಮಾತಲ್ಲ, ಡಾಕ್ಟರುಗಳೇ ಹೇಳೋದು.

ನಿನ್ನ ಶನಿವಾರವನ್ನು ಗಂಟಲಿನ ಕಡೆಯಿಂದ ಒಮ್ಮೆ ನೋಡು. ಆರು ಗಂಟೆಗೇ ಎದ್ದು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ವರ್ಣ ಹಾಡೋದು. ಆಮೇಲೆ ಕ್ಲಾಸಿನಲ್ಲಿ ಎಲ್ಲರನ್ನೂ ಐದೂವರೆ ಶ್ರುತಿಗೆ ಕೂರಿಸಿ ಹಾಡಿಸ್ತಾರೆ ಅಂದೆಯಲ್ಲ. ನಿನ್ನದು ಚಿಕ್ಕಂದಿನಿಂದ ಅದಕ್ಕಿಂತ ಕೆಳಗಿನ ನಾಲ್ಕೂವರೆ, ನಾನೇ ಶ್ರುತಿ ಪೆಟ್ಟಿಗೆ ಇಟ್ಟು ನೋಡಿದ್ದೆ. ಹುಡುಗಿಯರು ಸುಮ್ನೆ ಮಾತಾಡುವಾಗಲೇ ಗಂಟಲಿನಲ್ಲಿ ದನಿ ಹೊರಡಿಸೋ ಎರಡು ಮಡಿಕೆ ಸೆಕೆಂಡಿಗೆ ಸುಮಾರು 200 ಸಲ ಬಡಿದುಕೊಳ್ಳುತ್ತವೆ. ಐದೂವರೆಯ ತಾರ ಷಡ್ಜಕ್ಕೆ ಹೋದರೆ 400 ದಾಟುತ್ತೆ. ಅಲ್ಲಿಂದ ಸೀದಾ ಒಲೆ ಮುಂದೆ. ಬ್ಯಾಡಗಿ ಖಾಲಿಯಾಗಿತ್ತು, ಗುಂಟೂರು ಮೆಣಸಿನಕಾಯಿನೇ ಹುರಿದೆ, ಮನೆಯೆಲ್ಲ ಘಾಟು, ನಾಲ್ಕೂ ಜನ ಕೆಮ್ಮಿ ಕೆಮ್ಮಿ ಬಾಲ್ಕನಿಗೆ ಓಡಿದೆವು ಅಂತ ನಗ್ತಾ ಬರೆದಿದ್ದೀಯ. ಆ ಗಂಟಲು ಹೊತ್ತುಕೊಂಡೇ ಸಂಜೆ ಹಾಸ್ಟೆಲ್ಲಿಗೆ ಹೋಗಿ, ಫ್ಯಾನಿನ ಸದ್ದು ಮೀರಿಸಿ ಎರಡು ಗಂಟೆ ಇತಿಹಾಸದ ಪಾಠ ಓದಿದ್ದೀಯ. ಮೂರೂ ಒಳ್ಳೆ ಕೆಲಸವೇ, ಒಂದನ್ನೂ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಮೂರಕ್ಕೂ ಇರೋದು ಅದೊಂದೇ ಗಂಟಲು.

ನಾನು ಗಂಗೂಬಾಯಿ ಹಾನಗಲ್ ಆಗ್ತೀನಿ ಅಂತ ತಮಾಷೆ ಬೇರೆ. ಅವರದ್ದೂ ಮೊದಲು ತೆಳು ದನಿಯೇ. ಟಾನ್ಸಿಲ್ ಚಿಕಿತ್ಸೆ ಆದ ಮೇಲೆ ದಪ್ಪಗಾಯಿತು, ಆ ದನಿಯಲ್ಲೇ ಅಷ್ಟು ದೊಡ್ಡ ಗಾಯಕಿಯಾದರು. ಆ ಕಾಲದಲ್ಲೇ ಅವರು ಡಾಕ್ಟರ ಹತ್ತಿರ ಹೋಗಿದ್ದರು, ಅದನ್ನೂ ನೆನಪಿಟ್ಟುಕೋ.

ನನ್ನದು ಹೇಳ್ತೀನಿ, ಬೇಜಾರಾದರೆ ಬಿಟ್ಟು ಮುಂದೆ ಓದು. ನಾನು ಪಾಠ ಹೇಳಿದ ಮೊದಲ ಶಾಲೆ ತೀರ್ಥಹಳ್ಳಿ ಕಡೆ. ಒಂದೇ ದೊಡ್ಡ ಕೋಣೆ, ನಡುವೆ ಬಿದಿರಿನ ತಟ್ಟಿ. ಆ ಕಡೆ ಲೆಕ್ಕದ ಮೇಷ್ಟ್ರು ಮಗ್ಗಿ ಹೇಳಿಸೋರು, ಈ ಕಡೆ ನಾನು ಪದ್ಯ. ಮಕ್ಕಳು ಹದಿನೇಳೊಂದ್ಲ ಹದಿನೇಳು ಅಂತ ರಾಗ ಎಳೆದರೆ ನನ್ನ ಕಡೆಯ ಹಿಂದಿನ ಬೆಂಚಿಗೆ ಒಂದಕ್ಷರ ಕೇಳ್ತಿರಲಿಲ್ಲ. ಮಳೆಗಾಲದಲ್ಲಿ ತಗಡಿನ ಸೂರು. ಆ ಸೀಮೆಯ ಮಳೆ ನಿನಗೆ ಗೊತ್ತಲ್ಲ. ನಾನೂ ಕೂಗಿದೆ. ಸಂಜೆ ಹೊತ್ತಿಗೆ ದನಿ ಕೂರೋದು, ಬೆಳಿಗ್ಗೆ ಸ್ವಲ್ಪ ಬರೋದು. ಕ್ರಮೇಣ ಬೆಳಿಗ್ಗೆಯೂ ಬರದಾಯಿತು. ಮೇಷ್ಟ್ರ ಗಂಟಲು ಅಂದರೆ ಹೀಗೇ ಅಂತ ಎಲ್ಲರೂ ಅಂದರು. ನಾನೂ ಅದನ್ನೇ ಅಂದುಕೊಂಡು ಓಡಾಡಿದೆ. ಜೇಷ್ಠಮಧು ಜಗಿದೆ, ಕಲ್ಲುಸಕ್ಕರೆ ಚೀಪಿದೆ. ನುಂಗಿದ್ದೆಲ್ಲ ಅನ್ನನಾಳಕ್ಕೆ ಇಳಿಯುತ್ತೆ, ಧ್ವನಿಪೆಟ್ಟಿಗೆಗೆ ತಾಗೋದೇ ಇಲ್ಲ ಅಂತ ಆಗ ಯಾರು ಹೇಳಬೇಕು?

ನಿಮ್ಮಮ್ಮನ ಮದುವೆಯಲ್ಲಿ ಹಸೆಗೆ ಕರೆಯೋ ಹಾಡಿಗೆ ನನ್ನನ್ನೇ ಮುಂದೆ ನಿಲ್ಲಿಸಿದ್ದರು. ಬಾಯಿ ಮಾತ್ರ ಆಡಿಸಿದೆ ಕಣೆ. ಹಾಡಿದ್ದೆಲ್ಲ ಪಕ್ಕದ ಮನೆಯವರು. ನಿಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ, ಹೇಳಬೇಡ. ನಾನು ಮದುವೆಯಾದ ಮೇಲೆ ಹಾಡೋದು ಬಿಟ್ಟೆ ಅಂತ ನೆಂಟರೆಲ್ಲ ತಿಳಿದರು. ಆ ಅಪವಾದ ಸುಮ್ನೆ ನಿಮ್ಮ ದೊಡ್ಡಪ್ಪನ ತಲೆಗೆ ಬಂತು. ಅವರು ಪಾಪ, ಹಾಡು ಹಾಡು ಅಂತ ಎಷ್ಟು ಸಲ ಕೇಳಿದ್ದರೋ. ಅವರು ಇರೋವರೆಗೂ ನಿಜ ಹೇಳಲಿಲ್ಲ. ದನಿ ಹೋದದ್ದಕ್ಕಿಂತ ಇದೇ ನನ್ನನ್ನು ಜಾಸ್ತಿ ಕೊರೆಯೋದು.

ನಿನಗೂ ಹಾಗೇ ಆಗುತ್ತೆ ಅಂತಲ್ಲ. ಹೆದರಿಸೋಕೆ ಬರೀತಿಲ್ಲ. ಆದರೆ ಬರೀ ಗಾಳಿ ಬರುತ್ತೆ ಅಂದೆಯಲ್ಲ, ಅದೇ ನನ್ನ ಕಿವಿಯಲ್ಲಿ ಕೂತಿದೆ. ನನಗೂ ಮೊದಲು ಗಾಳಿಯೇ ಬಂದದ್ದು. ಜಾಸ್ತಿ ಕೂಗಿ ಕೂಗಿ ಆ ಮಡಿಕೆಗಳ ಮೇಲೆ ಸಣ್ಣ ಗಂಟು ಕಟ್ಟಿದರೆ ಅವು ಸರಿಯಾಗಿ ಕೂಡಲ್ಲ, ಸಂದಿಯಲ್ಲಿ ಗಾಳಿ ಸೋರುತ್ತೆ. ಬೇಗ ಗೊತ್ತಾದರೆ ಎಷ್ಟೋ ಜನಕ್ಕೆ ಕತ್ತರಿ ಹಾಕದೆಯೇ, ದನಿಗೆ ಬಿಡುವು ಕೊಟ್ಟು, ಸರಿಯಾಗಿ ಮಾತಾಡೋದು ಕಲಿಸಿಯೇ ವಾಸಿಯಾಗುತ್ತಂತೆ. ನಿನಗೆ ಗಂಟೇ ಇಲ್ಲದಿರಬಹುದು, ಬರೀ ಸುಸ್ತಿರಬಹುದು. ಒಳಗೆ ಇಣುಕಿ ನೋಡದೆ ನೀನೂ ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ.

ನೀನು ದಿನಾ ಕಾಲೇಜಿಗೆ ಹೋಗೋದು ಮಾನಸಗಂಗೋತ್ರಿಗೆ. ಅಲ್ಲೇ ಇದೆಯಲ್ಲ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾತು, ಕಿವಿ, ದನಿ, ಇದಕ್ಕೆಂದೇ ಇರೋ ಸಂಸ್ಥೆ, ಎಲ್ಲೆಲ್ಲಿಂದಲೋ ಜನ ಮೈಸೂರಿಗೆ ಬರ್ತಾರೆ. ನೀನು ಅದರ ಪಕ್ಕದಲ್ಲೇ ಓಡಾಡಿಕೊಂಡು ನನಗೆ ದೊಡ್ಡದಲ್ಲ ಬಿಡಿ ಅಂತ ಕಾಗದ ಬರೀತೀಯ! ವಾರದ ನಡುವೆ ಒಂದು ದಿನ ಬೆಳಿಗ್ಗೆ ಹೋಗು. ಒಂದು ಕ್ಲಾಸ್ ತಪ್ಪಿದರೆ ತಪ್ಪಲಿ. ಹೋಗೋಕೆ ಭಯವಾದರೆ ಹೇಳು, ನಾನೇ ರೈಲು ಹತ್ತಿ ಬರ್ತೀನಿ. ಮಂಡಿನೋವು ಇದ್ದದ್ದೇ.

ಉಳಿದದ್ದು ಸಣ್ಣಪುಟ್ಟದ್ದು, ಬೇಕಾದರೆ ಮಾಡು. ಗುರುಗಳಿಗೆ ಶ್ರುತಿ ಇಳಿಸಿ ಅಂತ ಕೇಳು. ಎಲ್ಲರ ನಡುವೆ ಕೇಳೋಕೆ ಸಂಕೋಚವಾದರೆ ಕ್ಲಾಸ್ ಮುಗಿದ ಮೇಲೆ ಒಬ್ಬಳೇ ಕೇಳು. ಡಾಕ್ಟರು ನೋಡುವವರೆಗೂ ಹಿಂದೆ ಕೂತು ತಾಳ ಹಾಕಿದರೂ ಪಾಠ ಆಗುತ್ತೆ. ಮೆಣಸಿನಕಾಯಿ ಹುರಿಯುವಾಗ ಚಿಟಿಕೆ ಉಪ್ಪು ಹಾಕು, ಘಾಟು ಕಡಿಮೆ ಅಂತಾರೆ. ಇಲ್ಲ, ಆ ಕೆಲಸ ಬೇರೆ ಹುಡುಗಿಗೆ ಹೇಳಿ ನೀನು ಸೊಪ್ಪು ಬಿಡಿಸು. ಮತ್ತೆ ಮತ್ತೆ ಕ್ಯಾಕರಿಸಬೇಡ, ಒಂದು ಗುಟುಕು ನೀರು ಕುಡಿ. ದನಿ ಉಳಿಸ್ತೀನಿ ಅಂತ ಪಿಸುಗುಟ್ಟೋದೂ ಬೇಡ, ಅದರಿಂದಲೂ ಗಂಟಲಿಗೆ ತ್ರಾಸ.

ಹಾಸ್ಟೆಲ್ಲಿನ ಹುಡುಗಿಯರದ್ದೇ ಕಷ್ಟ. ಮಾರ್ಚಿಗೆ ಪಿಯು ಪರೀಕ್ಷೆ, ಈಗ ಹೇಗೆ ಬಿಡಲಿ ಅನ್ನಿಸುತ್ತೆ, ಗೊತ್ತು. ನಾನೂ ನನ್ನ ಮಕ್ಕಳ ಪರೀಕ್ಷೆ ಮುಗೀಲಿ ಅಂತಲೇ ಅಂದುಕೊಳ್ತಿದ್ದೆ, ಮುಗಿದ ಮೇಲೆ ಇನ್ನೊಂದು ಬ್ಯಾಚ್ ಬರೋದು. ನಿನ್ನ ಗೆಳತಿಯರಲ್ಲಿ ಓದೋಕೆ ಬರದವರು ಯಾರಿದ್ದಾರೆ? ಈ ಶನಿವಾರ ಅವರಲ್ಲೊಬ್ಬಳು ಹೋಗಲಿ. ಓದಿದ್ದನ್ನು ಫೋನಿನಲ್ಲಿ ತುಂಬಿಸಿಕೊಟ್ಟರೆ ಆ ಹುಡುಗಿಯರು ಎಷ್ಟು ಸಲ ಬೇಕಾದರೂ ಹಾಕಿ ಕೇಳಬಹುದು. ನೀನು ಸುಮ್ನೆ ಜೊತೆಗೆ ಹೋಗಿ ಕೂತಿರು, ಬೇಡ ಅನ್ನಲ್ಲ. ನಿನಗೆ ತಿಳಿಯದ್ದೇನೂ ನಾನು ಹೇಳ್ತಿಲ್ಲ, ಗೊತ್ತಿದ್ದೂ ನೀನು ಮಾಡಲ್ಲವೇನೋ ಅನ್ನೋದೇ ನನ್ನ ಹೆದರಿಕೆ.

ಇದರ ಜೊತೆ ಒಂದು ಡಬ್ಬಿ ಬ್ಯಾಡಗಿ ಮೆಣಸಿನಕಾಯಿ, ಸ್ವಲ್ಪ ಹಳೆ ಹುಣಸೆಹಣ್ಣು ಕಳಿಸಿದ್ದೀನಿ. ಡಾಕ್ಟರು ಏನಂದರು ಅಂತ ತಿಳಿಸು. ಫೋನ್ ಮಾಡಬೇಡ, ನಿನ್ನ ಜೊತೆ ಶುರು ಮಾಡಿದರೆ ಒಂದು ಗಂಟೆ ಮಾತಾಡಿಸಿಬಿಡ್ತೀನಿ. ಬರೆದೇ ತಿಳಿಸು.

ನಿನ್ನ
ದೊಡ್ಡಮ್ಮ