ಹೊರಗಿನಿಂದ ಚಿಲಕ ಹಾಕಿದ ಕೋಣೆ

ನಾಪೋಕ್ಲು,
ಕಕ್ಕಡ ಮಾಸ

ಚಿ. ದೀಕ್ಷಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಇಲ್ಲಿ ಹತ್ತು ದಿನಗಳಿಂದ ಮಳೆ ಬಿಟ್ಟಿಲ್ಲ, ಕರೆಂಟು ಹೋಗಿ ಮೂರು ದಿನವಾಯಿತು. ಲಾಟೀನಿನ ಬೆಳಕಿನಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಾದರೆ ಸಹಿಸಿಕೊ. ಗಾಥಿಕ್ ಕಾದಂಬರಿಗಳನ್ನು ಓದುವ ಆಸೆಯಿದೆ, ಆದರೆ ಅವು ಹೊತ್ತು ಹೋಗದವರ ದೆವ್ವದ ಕಥೆಗಳೆಂದು ಗೆಳತಿಯರು ನಗುತ್ತಾರೆ ಎಂದು ಬರೆದಿದ್ದೀಯೆ. ಅವರ ಮಾತಿಗೆ ಕಿವಿಗೊಡಬೇಡ. ಒಳ್ಳೆಯ ಗಾಥಿಕ್ ಕಾದಂಬರಿ ಒಂದು ಮನೆಯ ಕಥೆ, ಆ ಮನೆಯವರು ಏನನ್ನು ಅಥವಾ ಯಾರನ್ನು ಮುಚ್ಚಿಟ್ಟಿದ್ದಾರೆ ಎಂಬುದರ ಕಥೆ. ಹಾಗೆ ತಿಳಿದು ಓದು.

ಈ ಬಗೆಯ ಬರವಣಿಗೆಗೆ ಮೊದಲಿಟ್ಟವನು ಹೊರೇಸ್ ವಾಲ್ಪೋಲ್. 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ವನ್ನು ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದವೆಂದು ಹೇಳಿ ಪ್ರಕಟಿಸಿದ, ಮರುವರ್ಷದ ಮುದ್ರಣದಲ್ಲಿ ತನ್ನದೇ ಎಂದು ಒಪ್ಪಿಕೊಂಡ. ಮದುವೆಯ ದಿನವೇ ಮದುಮಗನ ಮೇಲೆ ದೈತ್ಯಾಕಾರದ ಶಿರಸ್ತ್ರಾಣವೊಂದು ಬಿದ್ದು ಅವನು ಸಾಯುತ್ತಾನೆ. ಚರಿತ್ರೆಗಾಗಿ ಅದನ್ನು ಓದಬಹುದು, ಆದರೆ ಅಲ್ಲಿಂದ ಶುರುಮಾಡಬೇಡ. ಆ್ಯನ್ ರಾಡ್‌ಕ್ಲಿಫ್ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೋ’ 1794ರದು. ನಮ್ಮ ತಡಿಯಂಡಮೋಳ್ ಬೆಟ್ಟದ ಬುಡದ ಕಾಡಿನಲ್ಲಿ ನಾಲ್ಕುನಾಡು ಅರಮನೆ ಎದ್ದು ನಿಂತದ್ದೂ ಆ ದಶಕದಲ್ಲಿಯೇ ಎಂಬುದು ನನಗೆ ಸದಾ ನೆನಪಾಗುತ್ತದೆ. ಪುಸ್ತಕ ಬಹಳ ಉದ್ದ. ಬೆಟ್ಟಗುಡ್ಡಗಳ ವರ್ಣನೆಯನ್ನು ನೀನು ಹಾರಿಸಿ ಓದಿದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ.

ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’. 1815ರಲ್ಲಿ ಇಂಡೋನೇಷ್ಯಾದ ಟಾಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಯಿಂದಾಗಿ ಮನೆಯೊಳಗೇ ಉಳಿದ ಗೆಳೆಯರು ತಲೆಗೊಂದು ಭಯದ ಕಥೆ ಬರೆಯೋಣವೆಂದು ಕುಳಿತರು. ಮೇರಿಗೆ ಆಗ 18 ವರ್ಷ, ನಿನಗಿಂತ ಒಂದು ವರ್ಷ ಚಿಕ್ಕವಳು. ಕಾದಂಬರಿ 1818ರಲ್ಲಿ ಅವಳ ಹೆಸರಿಲ್ಲದೆ ಅಚ್ಚಾಯಿತು. ಅದರ ನಡುಭಾಗವನ್ನು ನಿಧಾನವಾಗಿ ಓದು. ಯುವ ವಿಜ್ಞಾನಿ ಫ್ರಾಂಕನ್‌ಸ್ಟೈನ್ ತಾನೇ ಸೃಷ್ಟಿಸಿ, ರೂಪಕ್ಕೆ ಹೆದರಿ ಬಿಟ್ಟು ಓಡಿಹೋದ ಜೀವಿ ಬಡವರ ಮನೆಗೆ ಆತುಕೊಂಡ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಸಂದಿನಿಂದ ಒಳಗಿನವರನ್ನು ನೋಡುತ್ತಾ ಮಾತು ಕಲಿಯುತ್ತದೆ, ರಾತ್ರಿ ಅವರಿಗೆ ಗೊತ್ತಾಗದಂತೆ ಸೌದೆ ತಂದಿಡುತ್ತದೆ. ಕೊನೆಗೊಂದು ದಿನ ಧೈರ್ಯಮಾಡಿ ಕುರುಡ ಮುದುಕನ ಎದುರು ಕುಳಿತು ಮಾತನಾಡುತ್ತದೆ, ಅವನು ಆದರದಿಂದ ಕೇಳಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಕಣ್ಣಿದ್ದವರು ಮನೆಗೆ ಬಂದು ದೊಣ್ಣೆಯಿಂದ ಹೊಡೆದಟ್ಟುತ್ತಾರೆ. ಎಷ್ಟು ಸಲ ಓದಿದರೂ ಆ ಪುಟದಲ್ಲಿ ನನ್ನ ಕಣ್ಣು ತುಂಬುತ್ತದೆ.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ದಿನಚರಿ, ಪತ್ರ, ತಂತಿ ಸಂದೇಶಗಳನ್ನು ಜೋಡಿಸಿ ಕಟ್ಟಿದ ಕಾದಂಬರಿ. ಕೋಟೆಯಲ್ಲಿ ಸೆರೆಯಾದ ಯುವಕನ ಮೊದಲ ನಾಲ್ಕು ಅಧ್ಯಾಯಗಳ ಬಿಗಿ ಮುಂದೆ ಉಳಿಯುವುದಿಲ್ಲ.

ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಓದಿದ ಕೂಡಲೇ, ನಡುವೆ ಬೇರೆ ಯಾವುದನ್ನೂ ಮುಟ್ಟದೆ, ಜೀನ್ ರೀಸ್ ಬರೆದ ‘ವೈಡ್ ಸಾರ್ಗಾಸೊ ಸೀ’ (1966) ಓದಬೇಕು. ಮೊದಲನೆಯದರಲ್ಲಿ ಮಹಡಿಯ ಮೇಲಿನಿಂದ ನಗು ಮಾತ್ರ ಕೇಳಿಸುವ, ಹುಚ್ಚಿಯೆಂದು ಕೂಡಿಹಾಕಲಾದ ಹೆಂಡತಿ, ಎರಡನೆಯದರಲ್ಲಿ ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿ ಬೆಳೆದ ಹುಡುಗಿಯಾಗಿ ತಾನೇ ಮಾತನಾಡುತ್ತಾಳೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನೂ ನಿನ್ನ ಅಮ್ಮನೂ ಹುಟ್ಟಿದ ಹಳೆಯ ಮನೆಯಲ್ಲಿ ಅಟ್ಟದ ಮೆಟ್ಟಿಲ ತುದಿಗೆ ಒಂದು ಸಣ್ಣ ಕೋಣೆಯಿತ್ತು. ನಮ್ಮ ಕಾಲಕ್ಕೆ ಅದರಲ್ಲಿ ಕಾಳುಮೆಣಸಿನ ಮೂಟೆಗಳಿದ್ದವು. ಬಾಗಿಲಿಗೆ ಒಳಗಡೆ ಚಿಲಕವೇ ಇರಲಿಲ್ಲ, ಹೊರಗಡೆ ಎರಡಿದ್ದವು. ಕಿಟಕಿಯ ಮರದ ಕಂಬಿಯೊಂದು ಕೈ ಹಿಡಿಯುವ ಎತ್ತರದಲ್ಲಿ ಮಾತ್ರ ಸವೆದು ನುಣುಪಾಗಿತ್ತು. ಅಜ್ಜಿಯ ನಾದಿನಿಯೊಬ್ಬರು ಮನಸ್ಸಿನ ಸ್ಥಿಮಿತ ತಪ್ಪಿ ಅಲ್ಲಿಯೇ ಹನ್ನೊಂದು ವರ್ಷ ಬದುಕಿ ತೀರಿಕೊಂಡರೆಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಹಿರಿಯರಿಗೆ ಎಡೆಯಿಡುವ ದಿನವೂ ಯಾರೂ ಅವರ ಹೆಸರೆತ್ತಿದ್ದನ್ನು ನಾನು ಕೇಳಲಿಲ್ಲ. ರೀಸ್ ಅವರ ಪುಸ್ತಕ ಓದಿ ಮುಗಿಸಿದ ರಾತ್ರಿ ನನಗೆ ಆ ಕಂಬಿಯೇ ಕಣ್ಣಮುಂದೆ ನಿಂತಿತ್ತು.

ಈಚಿನವುಗಳಲ್ಲಿ ಡಾಫ್ನಿ ಡು ಮಾರಿಯೆ ಬರೆದ ‘ರೆಬೆಕ್ಕಾ’ವನ್ನು (1938) ರಜೆಯಲ್ಲಿ ಓದು, ಕಥೆ ಹೇಳುವ ಎರಡನೆಯ ಹೆಂಡತಿಯ ಹೆಸರು ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಒಂಟಿಯಾಗಿರುವಾಗ ಬೇಡ. ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ದೊಡ್ಡದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಹಿಡಿಯಲು ಬಂದವರ ಕೈಗೆ ಸಿಗಬಾರದೆಂದು 1856ರಲ್ಲಿ ತನ್ನ ಮಗುವನ್ನೇ ಕೊಂದ ಮಾರ್ಗರೆಟ್ ಗಾರ್ನರ್ ಎಂಬ ತಾಯಿಯ ನಿಜಸಂಗತಿ ಅದರ ಹಿಂದಿದೆ. ಒಂದೇ ಪಟ್ಟಿಗೆ ಓದಬೇಡ, ಮನಸ್ಸು ಭಾರವಾದಾಗ ಮುಚ್ಚಿಟ್ಟು ಹೊರಗೆ ತಿರುಗಾಡಿ ಬಾ. ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’ (2020) ಬೆಟ್ಟದ ಮೇಲಿನ ಇಂಗ್ಲಿಷ್ ಗಣಿ ಮಾಲೀಕರ ಬಂಗಲೆಯ ಕಥೆ. ಗೋಡೆಯ ಬೂಷ್ಟು ಅಲ್ಲಿ ಬರಿಯ ಬೂಷ್ಟಲ್ಲ. ಕಾಫಿ ತೋಟದ ದೊರೆಗಳ ಬಂಗಲೆಗಳನ್ನು ನೋಡುತ್ತಾ ಬೆಳೆದ ನಿನಗೆ ಆ ಮನೆ ಅಪರಿಚಿತವೆನಿಸದು.

ಮಳೆ ನಿಂತು ಬಸ್ಸು ಸರಿಯಾಗಿ ಓಡತೊಡಗಿದ ಮೇಲೆ ನನ್ನ ‘ಫ್ರಾಂಕನ್‌ಸ್ಟೈನ್’, ‘ಜೇನ್ ಐರ್’ ಮತ್ತು ರೀಸ್ ಅವರ ಪುಸ್ತಕವನ್ನು ಕಳುಹಿಸುತ್ತೇನೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರಿಂದ ಹೊಗೆಯ ವಾಸನೆ ಬರಬಹುದು. ಕೊನೆಯದರ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಹೆಸರು ಬರೆದಿದೆ; ಬಹಳ ಕೇಳಿ ತಿಳಿದುಕೊಂಡು ಬರೆದದ್ದು, ಅಳಿಸಬೇಡ.

ಇಂತಿ,
ನಿನ್ನ ದೊಡ್ಡಮ್ಮ