ಅಗಲ ಹಲಗೆಗೆ ಅಲ್ಯೂಮಿನಿಯಂ ಸ್ಲೆಡ್: ಐಟಿಐಗಳಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ಮುಂಗಾರಿನ ಮೊದಲ ಗಾಳಿಗೆ ಉರುಳಿದ ಮರಗಳ ಚಿತ್ರಗಳು ಪ್ರತಿವರ್ಷವೂ ಪತ್ರಿಕೆಗಳಲ್ಲಿ ಬರುತ್ತವೆ. ಆ ಮರಗಳು ಆಮೇಲೆ ಎಲ್ಲಿಗೆ ಹೋದವು ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಮಲೆನಾಡಿನಲ್ಲಿ ಮರಗೆಲಸ ಮಾಡಿಕೊಂಡಿರುವ ನಾನು ಕಂಡಂತೆ, ರಸ್ತೆಬದಿಯ ಮಳೆಮರ, ಹಿತ್ತಲ ಹಲಸು, ತೋಟದಂಚಿನ ಮಾವು ಇವುಗಳಲ್ಲಿ ಎರಡೂವರೆ ಅಡಿ ಅಗಲದ ಹಲಗೆ ಕೊಡಬಲ್ಲ ದಿಮ್ಮಿಗಳು ಕೂಡ ಸೌದೆಯ ರಾಶಿ ಸೇರುತ್ತಿವೆ. ಸಾಮಿಲ್ಲಿನಲ್ಲಿ ಅವನ್ನು ಸೀಳಿಸುವುದು ಕಷ್ಟವೇನಲ್ಲ. ಸೀಳಿದ ಹಲಗೆ ಒಣಗುತ್ತ ಬಾಗಿ ತಿರುಚಿಕೊಂಡ ಮೇಲೆ ಅದನ್ನು ಮಟ್ಟ ಮಾಡುವುದೇ ಕಷ್ಟ. ನಮ್ಮ ಊರುಗಳಲ್ಲಿರುವ ಪ್ಲೇನರ್ ಯಂತ್ರಗಳ ಬಾಯಿ ಅಷ್ಟು ಅಗಲವಿರುವುದಿಲ್ಲ. ಹತ್ತರಿ ಹೊಡೆದು ಮಟ್ಟ ಮಾಡುವ ಹಿರಿಯ ಆಚಾರರು ಈಗ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಹೀಗಾಗಿ ಒಳ್ಳೆಯ ಹಲಗೆಯನ್ನು ನಡುವೆ ಸೀಳಿ ಮತ್ತೆ ಅಂಟಿಸುತ್ತಾರೆ, ಇಲ್ಲವೇ ಒಲೆಗೆ ಕಳಿಸುತ್ತಾರೆ. ಇದನ್ನು ತಪ್ಪಿಸಬಲ್ಲ ಒಂದು ಸರಳ ಸಾಧನದ ಬಗ್ಗೆ, ಅದನ್ನು ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಗಳು ಏಕೆ ಕಲಿಸಬೇಕು ಎಂಬುದರ ಬಗ್ಗೆ ಬರೆಯುತ್ತಿದ್ದೇನೆ.

ಅದರ ಹೆಸರು ರೂಟರ್ ಸ್ಲೆಡ್. ರೂಟರ್ ಎಂದರೆ ವೇಗವಾಗಿ ತಿರುಗುವ ಬಿಟ್ ಎಂಬ ಅಲಗಿನಿಂದ ಮರವನ್ನು ಕತ್ತರಿಸುವ ಯಂತ್ರ, ಸ್ಲೆಡ್ ಎಂದರೆ ಅದನ್ನು ಹೊತ್ತು ಸರಿಯುವ ಚೌಕಟ್ಟು. ಹಲಗೆಯ ಎರಡು ಬದಿಗೆ ಒಂದೇ ಎತ್ತರದಲ್ಲಿ ಎರಡು ಹಳಿಗಳು, ಅವುಗಳ ಮೇಲೆ ಅಡ್ಡಲಾಗಿ ಸರಿಯುವ ಒಂದು ಸೇತುವೆ, ಆ ಸೇತುವೆಯ ಮೇಲೆ ಅತ್ತಿತ್ತ ಓಡಾಡುವ ರೂಟರ್ ಯಂತ್ರ, ಇಷ್ಟೇ ಅದರ ರಚನೆ. ಹಲಗೆ ಎಷ್ಟೇ ಡೊಂಕಾಗಿರಲಿ, ರೂಟರಿನ ಬಿಟ್ ಹಳಿಗಳಿಗೆ ಸಮಾಂತರವಾದ ಒಂದೇ ತಲದಲ್ಲಿ ಚಲಿಸುವುದರಿಂದ ಎತ್ತರದ ಭಾಗಗಳೆಲ್ಲ ಕತ್ತರಿಸಿ ಹೋಗಿ ಮೇಲ್ಮೈ ಮಟ್ಟವಾಗುತ್ತದೆ. ಹಲಗೆಯ ಅಗಲಕ್ಕೆ ಇಲ್ಲಿ ಯಂತ್ರದ ಬಾಯಿಯ ಮಿತಿ ಇಲ್ಲ, ಸೇತುವೆಯ ಉದ್ದದ ಮಿತಿ ಮಾತ್ರ ಇದೆ.

ಸಾಮಾನ್ಯವಾಗಿ ಇದನ್ನು ಪ್ಲೈವುಡ್ ಅಥವಾ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ಮಾಡಿಕೊಳ್ಳುತ್ತಾರೆ. ಒಂದೆರಡು ಕೆಲಸಕ್ಕೆ ಅದು ಸಾಕು. ಆದರೆ ಆಷಾಢದ ತೇವದಲ್ಲಿ ಎಂಡಿಎಫ್ ಉಬ್ಬುತ್ತದೆ, ಪ್ಲೈವುಡ್ ಬಾಗುತ್ತದೆ, ಸಾಧನವೇ ಡೊಂಕಾದರೆ ಆ ಡೊಂಕು ಹಲಗೆಯ ಮೇಲೆ ಅಚ್ಚೊತ್ತಿದಂತೆ ಮೂಡುತ್ತದೆ. ಆದ್ದರಿಂದಲೇ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಪ್ರೊಫೈಲ್‌ಗಳನ್ನು ಬಳಸಬೇಕೆಂದು ಒತ್ತಿ ಹೇಳುತ್ತೇನೆ. ಕಾಯಿಸಿದ ಅಲ್ಯೂಮಿನಿಯಂ ಗಟ್ಟಿಯನ್ನು ಅಚ್ಚಿನ ಮೂಲಕ ಒತ್ತಿ ಹೊರತೆಗೆದು, ಆಮೇಲೆ ಹಿಗ್ಗಿಸಿ ನೇರ ಮಾಡಿದ ಈ ಪಟ್ಟಿಗಳು ಕಾರ್ಖಾನೆಯಿಂದಲೇ ನೇರವಾಗಿ ಬರುತ್ತವೆ, ನೀರು ಕುಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ನಾಲ್ಕೂ ಬದಿಗಿರುವ ಟಿ ಆಕಾರದ ಸೀಳಿನಲ್ಲಿ ನಟ್ಟು ಕೂರಿಸಿ ಬೇಕಾದಲ್ಲಿ ಬಿಗಿಯಬಹುದಾದ್ದರಿಂದ ವೆಲ್ಡಿಂಗ್ ಬೇಕಾಗುವುದಿಲ್ಲ, ನಾಳೆ ಅಗಲ ಬದಲಿಸಬೇಕಾದರೆ ಬಿಚ್ಚಿ ಜೋಡಿಸಿದರಾಯಿತು. ಉಕ್ಕು ಇದರ ಮೂರು ಪಟ್ಟು ಬಿರುಸು ಎಂಬುದು ನಿಜ, ಆದರೆ ತೂಕವೂ ಹತ್ತಿರಹತ್ತಿರ ಮೂರು ಪಟ್ಟು, ಮತ್ತು ಅಂಗಡಿಯ ಚೌಕ ಪೈಪುಗಳು ಅಷ್ಟು ನೇರವಾಗಿರುತ್ತವೆಂಬ ಭರವಸೆ ಇಲ್ಲ. ಅಲ್ಯೂಮಿನಿಯಂ ನಮಗೆ ದೂರದ ಸರಕೂ ಅಲ್ಲ. ಬೆಳಗಾವಿಯಲ್ಲಿ ಅದರ ಕಚ್ಚಾವಸ್ತುವಾದ ಅಲ್ಯೂಮಿನಾ ತಯಾರಾಗುತ್ತದೆ, ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ದೇಶದ ದೊಡ್ಡ ಎಕ್ಸ್‌ಟ್ರೂಷನ್ ಕಾರ್ಖಾನೆಗಳಲ್ಲೊಂದು ದಶಕಗಳಿಂದ ನಡೆಯುತ್ತಿದೆ.

ಕೊಳ್ಳುವಾಗ ಒಂದು ಎಚ್ಚರ ಅಗತ್ಯ. ಕಿಟಕಿ, ಪಾರ್ಟಿಷನ್‌ಗಳಿಗೆ ಬಳಸುವ ತೆಳುಗೋಡೆಯ ಸೆಕ್ಷನ್‌ಗಳು ಅಗ್ಗ, ಎಲ್ಲ ಊರಿನಲ್ಲೂ ಸಿಗುತ್ತವೆ, ಆದರೆ ಈ ಕೆಲಸಕ್ಕೆ ಅವು ತಕ್ಕವಲ್ಲ. ಯಂತ್ರ ಚೌಕಟ್ಟುಗಳಿಗೆಂದೇ ಮಾಡಿದ ಟಿ-ಸ್ಲಾಟ್ ಪ್ರೊಫೈಲ್‌ಗಳನ್ನೇ ಕೇಳಿ ತರಬೇಕು, ಅವುಗಳಲ್ಲೂ ಗಾತ್ರ ನೋಡಬೇಕು. ಒಂದು ಮೀಟರ್ ಅಂತರಕ್ಕೆ 20 ಮಿ.ಮೀ. ಚೌಕದ ಎರಡು ಪ್ರೊಫೈಲ್‌ಗಳ ಸೇತುವೆ ಹಾಕಿ, ಮೇಲೆ 5 ಕಿಲೋ ತೂಕದ ರೂಟರ್ ಇಟ್ಟರೆ ನಡುವೆ ಸುಮಾರು 1 ಮಿ.ಮೀ. ಜಗ್ಗುತ್ತದೆ. ಅದೇ ಜಾಗದಲ್ಲಿ 40 ಮಿ.ಮೀ. ಚೌಕದವುಗಳನ್ನು ಹಾಕಿದರೆ ಜಗ್ಗುವುದು ಒಂದು ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ. ಅಂತರ ಎರಡು ಪಟ್ಟಾದರೆ ಜಗ್ಗುವಿಕೆ ಎಂಟು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಸೇತುವೆ ಜಗ್ಗಿದಷ್ಟೂ ಬಿಟ್ ನಡುವೆ ಆಳಕ್ಕೆ ಇಳಿದು ಹಲಗೆ ತಟ್ಟೆಯಂತೆ ಕುಳಿಬೀಳುತ್ತದೆ. ಮೇಜಿನ ಹಲಗೆಗಳಿಗೆ 40×80 ಮಿ.ಮೀ. ಪ್ರೊಫೈಲನ್ನು ಎತ್ತರವಾಗಿ ನಿಲ್ಲಿಸಿ ಬಳಸುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸೂಕ್ತ. ಹಣ ಉಳಿಸಬೇಕೆಂದಿದ್ದರೆ ಹಳಿಗಳಲ್ಲಿ ಉಳಿಸಬಹುದು, ಏಕೆಂದರೆ ಅವಕ್ಕೆ ಮೇಜಿನ ಆಧಾರ ಉದ್ದಕ್ಕೂ ಸಿಗುತ್ತದೆ. ಸೇತುವೆಯಲ್ಲಿ ಉಳಿಸಬಾರದು.

ಎರಡು ಹಳಿಗಳು ಒಂದೇ ತಲದಲ್ಲಿರುವಂತೆ ಕೂರಿಸುವುದು ಇಡೀ ಕೆಲಸದ ಜೀವಾಳ. ರಸಮಟ್ಟವೊಂದನ್ನೇ ನಂಬುವುದು ಸಾಲದು. ನಾಲ್ಕು ಮೂಲೆಗಳಿಂದ ಕರ್ಣರೇಖೆಯಲ್ಲಿ ಎರಡು ದಾರಗಳನ್ನು ಬಿಗಿಯಾಗಿ ಎಳೆದು ಕಟ್ಟಿದರೆ, ನಡುವೆ ಅವು ಒಂದನ್ನೊಂದು ಸುಮ್ಮನೆ ಸವರಬೇಕು. ಅಂತರ ಉಳಿದರೆ ಅಥವಾ ಒಂದು ಇನ್ನೊಂದನ್ನು ಒತ್ತಿದರೆ ಯಾವುದೋ ಮೂಲೆ ಎದ್ದಿದೆ ಎಂದರ್ಥ. ಬಳಿಕ ಮೇಲಿನ ದಾರವನ್ನು ಕೆಳಗೆ ತಂದು ಮತ್ತೊಮ್ಮೆ ನೋಡಬೇಕು, ಆಗಲೂ ಸವರಿದರೆ ಹಳಿಗಳಲ್ಲಿ ತಿರುಚು ಇಲ್ಲ. ಕಟ್ಟಡದವರೂ ಬಡಗಿಗಳೂ ಬಹುಕಾಲದಿಂದ ಬಲ್ಲ ಈ ದಾರದ ಪರೀಕ್ಷೆಯ ಮುಂದೆ ದುಬಾರಿ ಉಪಕರಣ ಬೇಕಿಲ್ಲ. ಸೇತುವೆ ಹಳಿಯ ಮೇಲೆ ಸರಿಯುವ ಜಾಗದಲ್ಲಿ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಉಜ್ಜಿದರೆ ಗೀರುಬಿದ್ದು ಕಚ್ಚಿಕೊಳ್ಳುವುದರಿಂದ, ನೈಲಾನ್ ಪಟ್ಟಿಯನ್ನೋ ಬೇರಿಂಗ್ ಇರುವ ಗಾಲಿಗಳನ್ನೋ ಹಾಕಬೇಕು. ಅಲ್ಲಿ ಮೇಲೆ ಕೆಳಗೆ ಆಟ ಇರಕೂಡದು.

ಹಲಗೆಯನ್ನು ಕೂರಿಸುವಾಗ ಎದ್ದಿರುವ ಮೂಲೆಗಳ ಕೆಳಗೆ ತೆಳುವಾದ ಬೆಣೆ ಕೊಟ್ಟು ಅಲುಗಾಡದಂತೆ ಮಾಡಬೇಕು. ಕೆಳಕ್ಕೆ ಒತ್ತಿ ಹಿಡಿದು ಮಟ್ಟ ಮಾಡಿದರೆ, ಬಿಟ್ಟ ಕೂಡಲೇ ಹಲಗೆ ಮತ್ತೆ ತಿರುಚಿಕೊಳ್ಳುತ್ತದೆ. ಒಂದು ಮುಖ ಮುಗಿದ ಮೇಲೆ ಮಗುಚಿ ಹಾಕಿದರೆ ಎರಡನೆಯದು ತಾನಾಗಿ ಸಮಾಂತರವಾಗಿ ಬರುತ್ತದೆ. ಒಂದು ಸಲಕ್ಕೆ ಒಂದೆರಡು ಮಿ.ಮೀ.ಗಿಂತ ಹೆಚ್ಚು ತೆಗೆಯಬಾರದು. ರೂಟರನ್ನು ನಮ್ಮಿಂದ ದೂರಕ್ಕೆ ತಳ್ಳುವಾಗ ಇನ್ನೂ ಕತ್ತರಿಸಬೇಕಾದ ಮರ ಎಡಕ್ಕಿರಬೇಕು, ಬಲಕ್ಕಿದ್ದರೆ ಬಿಟ್ ಯಂತ್ರವನ್ನೇ ಮುಂದಕ್ಕೆ ಎಳೆದುಕೊಂಡು ಓಡುತ್ತದೆ. 50 ಮಿ.ಮೀ.ನಂತಹ ಅಗಲ ಬಿಟ್‌ಗಳನ್ನು ಪೂರ್ಣ ವೇಗದಲ್ಲಿ ಓಡಿಸುವುದು ಅಪಾಯ. ಅವಕ್ಕೆ ದಪ್ಪ ದಂಟಿನ ಬಿಟ್ ಹಿಡಿಯುವ, ವೇಗ ತಗ್ಗಿಸಬಹುದಾದ ದೊಡ್ಡ ರೂಟರ್ ಬೇಕು, ಕೈಯಲ್ಲಿ ಹಿಡಿಯುವ ಚಿಕ್ಕ ಟ್ರಿಮ್ಮರ್ ಅಲ್ಲ.

ಧೂಳಿನ ವಿಷಯದಲ್ಲಿ ನಮ್ಮ ಕೆಲಸಗಾರರು ತೋರುವ ಉದಾಸೀನ ನನಗೆ ನಿಜವಾಗಿಯೂ ನೋವು ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ 1995ರಲ್ಲಿಯೇ ಸೇರಿಸಿದೆ. ರೂಟರ್ ಸ್ಲೆಡ್ ಅಂತೂ ಧೂಳನ್ನೂ ಚಕ್ಕೆಯನ್ನೂ ಮುಖದೆತ್ತರಕ್ಕೆ ಎರಚುವ ಕೆಲಸ. ಮುಖಕ್ಕೆ ಟವೆಲ್ ಸುತ್ತಿಕೊಳ್ಳುವುದು ರಕ್ಷಣೆಯಲ್ಲ. ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಯಾರೂ ಇದನ್ನು ಮುಟ್ಟಬಾರದು. ಸೇತುವೆಯ ಬದಿಗೆ ವ್ಯಾಕ್ಯೂಮ್ ಕೊಳವೆ ಬಿಗಿಯಲು ಪ್ರೊಫೈಲಿನ ಆ ಟಿ ಸೀಳೇ ಅನುಕೂಲ ಒದಗಿಸುತ್ತದೆ.

ಇಷ್ಟೆಲ್ಲ ಆದರೂ ಹಸಿ ಹಲಗೆಯನ್ನು ಯಾವ ಸಾಧನವೂ ಮಟ್ಟವಾಗಿ ಉಳಿಸಲಾರದು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಿಸಬೇಕೆಂಬ ರೂಢಿಯ ಲೆಕ್ಕ ಮಲೆನಾಡಿನ ಹವೆಗೆ ಕಡಿಮೆಯೇ. ತೇವಮಾಪಕದಿಂದ ನೋಡಿಯೇ ಕೆಲಸ ಶುರುಮಾಡುವುದು ಲೇಸು.

ರೂಟರ್ ಕೊಂಡವನಿಗೆ ಈ ಸ್ಲೆಡ್ ಮಾಡಿಕೊಳ್ಳಲು ಬೇಕಾಗುವುದು ಕೆಲವು ಪ್ರೊಫೈಲ್‌ಗಳು, ನಟ್ಟು ಬೋಲ್ಟುಗಳು ಮತ್ತು ಎಚ್ಚರದಿಂದ ಅಳೆಯುವ ಕೈ. ಐಟಿಐಗಳ ಫಿಟ್ಟರ್ ಮತ್ತು ಕಾರ್ಪೆಂಟರ್ ವಿಭಾಗಗಳ ವಿದ್ಯಾರ್ಥಿಗಳು ಒಟ್ಟಾಗಿ ಇದನ್ನು ಕಟ್ಟಬಹುದು. ಅಳತೆ, ಚೌಕಟ್ಟಿನ ಜೋಡಣೆ, ಜಗ್ಗುವಿಕೆಯ ಲೆಕ್ಕ, ಮರದ ಗುಣ, ಯಂತ್ರದ ಸುರಕ್ಷತೆ ಎಲ್ಲವೂ ಈ ಒಂದೇ ಕೆಲಸದಲ್ಲಿ ಬರುತ್ತವೆ. ಕೌಶಲ್ಯಾಭಿವೃದ್ಧಿ ಇಲಾಖೆಯು ಇದನ್ನು ಪ್ರಾಯೋಗಿಕ ಕೆಲಸವಾಗಿ ಸೇರಿಸಲಿ. ಇದರ ನಕ್ಷೆಯನ್ನೂ ಸುರಕ್ಷತಾ ಸೂಚನೆಗಳನ್ನೂ ಕನ್ನಡದಲ್ಲಿ ಸಿದ್ಧಪಡಿಸಲು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ನೆರವು ಕೇಳಲಿ. ನಗರಸಭೆಗಳು, ಪುರಸಭೆಗಳು ಬಿದ್ದ ಮರಗಳನ್ನು ಹರಾಜು ಹಾಕುವ ಮುನ್ನ ಅಗಲವಾದ ದಿಮ್ಮಿಗಳನ್ನು ತುಂಡರಿಸದೆ ಬೇರೆಯಾಗಿ ಇಟ್ಟು, ಹತ್ತಿರದ ಐಟಿಐಗಳಿಗೆ ತಿಳಿಸುವ ಏರ್ಪಾಡು ಮಾಡಲಿ. ಮುಂದಿನ ಮಳೆಗಾಲಕ್ಕೆ ಮೊದಲೇ ಒಂದೆರಡು ತಾಲ್ಲೂಕುಗಳಲ್ಲಾದರೂ ಇದನ್ನು ಆರಂಭಿಸಬಹುದು.

ಇತಿ,
ಒಬ್ಬ ಮರಗೆಲಸಗಾರ
ಸಾಗರ, ಶಿವಮೊಗ್ಗ ಜಿಲ್ಲೆ